ನಾಲ್ಕು ಕುರ್ಚಿಯ ಟವರು

ನನ್ನ ಗಂಡ ದ್ವಾರಕಾನಾಥರಿಗೆ ಮೂಲವ್ಯಾಧಿ ಇತ್ತು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಈ ಒಂದು ಮಾತನ್ನು ನನ್ನನ್ನೂ ಡಾಕ್ಟರನ್ನೂ ಬಿಟ್ಟು ಬೇರೆಯವರ ಮುಂದೆ ಬಾಯಿಬಿಟ್ಟು ಹೇಳಲು ಅವರಿಗೆ ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ದೆಹಲಿಯ ಒಂದು ಸಮಿತಿ, ನಮ್ಮ ಕ್ಷೇತ್ರದ ಶಾಸಕ, ಒಬ್ಬ ಮಂತ್ರಿ ಮತ್ತು ನಮ್ಮೂರ ದರ್ಜಿ ಎಲ್ಲರೂ ಸೇರಿ ಆ ಪಾಪದ ಮನುಷ್ಯನನ್ನು ಯಾವ ಗತಿಗೆ ತಂದರು ಎಂಬುದನ್ನು ನಾನು ಕಣ್ಣಾರೆ ಕಂಡೆ. ಅವರೇ ಈ ಕಥೆ ಹೇಳಿದ್ದರೆ ಎಲ್ಲರ ಮರ್ಯಾದೆ ಉಳಿಸಿ ಹೇಳುತ್ತಿದ್ದರು. ನನಗೆ ಆ ಅಭ್ಯಾಸವಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ವೈಟ್‌ಫೀಲ್ಡ್ ರೈಲ್ವೆ ಸ್ಟೇಷನ್ನಿನಿಂದಾಚೆಗೆ, ದ್ರಾಕ್ಷಿ ತೋಟಗಳ ನಡುವೆ ಕಾರ್ಖಾನೆ ಕಾಂಪೌಂಡುಗಳು ಏಳುತ್ತಿದ್ದ ಕಡೆ, ದೊಡ್ಡಕುಂಟೆ ಎಂಬ ಹಳ್ಳಿಯ ಪಕ್ಕದಲ್ಲಿ ಸರ್ಕಾರದ ಒಂದು ಸಣ್ಣ ವಿಮಾನ ಮೈದಾನವಿತ್ತು. ವಿಮಾನ ಹಾರಿಸಲು ಕಲಿಯುವ ಹುಡುಗ ಹುಡುಗಿಯರು ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಏರುತ್ತಿದ್ದರು, ಇಳಿಯುತ್ತಿದ್ದರು. ಆಗೊಮ್ಮೆ ಈಗೊಮ್ಮೆ ಯಾವುದೋ ಕಾರ್ಖಾನೆಯ ಧಣಿಯದೋ ಮಂತ್ರಿಯದೋ ದೊಡ್ಡ ವಿಮಾನವೂ ಬರುತ್ತಿತ್ತು. ಟವರಿನ ಮೇಲಿನ ಗಾಜಿನ ಕೋಣೆಯಲ್ಲಿ ಕೂತು ಮೈಕಿನಲ್ಲಿ "ನೀನು ಇಳಿ, ನೀನು ಸ್ವಲ್ಪ ತಾಳು, ನೀನು ಬಲಕ್ಕೆ ತಿರುಗು" ಎಂದು ಹೇಳುತ್ತ, ಅವು ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ನೋಡಿಕೊಳ್ಳುವುದು ನನ್ನವರ ಕೆಲಸ. ಆಫೀಸಿನಲ್ಲಿ ಅವರನ್ನು ಕಂಟ್ರೋಲರ್ ಎನ್ನುತ್ತಿದ್ದರು. ಊರಿನಲ್ಲಿ ಟವರಪ್ಪ ಎನ್ನುತ್ತಿದ್ದರು. ಮನೆಯಲ್ಲಿ ನಾನು ಏನೆನ್ನುತ್ತಿದ್ದೆ ಎಂಬುದು ಆ ದಿನದ ಮೇಲೆ ಹೋಗುತ್ತಿತ್ತು.

ಟವರಿನಲ್ಲಿ ನಾಲ್ಕು ಕುರ್ಚಿಗಳಿದ್ದವು, ನಾಲ್ಕು ಜನ ಕಂಟ್ರೋಲರುಗಳೂ ಇದ್ದರು. ಒಬ್ಬರು ನಿವೃತ್ತರಾದರು. ಒಬ್ಬರು ಬಡ್ತಿ ಸಿಕ್ಕಿ ದೆಹಲಿಗೆ ಹೋದರು. ಇನ್ನೊಬ್ಬರು ಮಸ್ಕತ್‌ಗೆ ಹಾರಿದರು. ಹೋದವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಬಾರದು, ಖರ್ಚು ಕಡಿಮೆ ಮಾಡಬೇಕು ಎಂದು ಸರ್ಕಾರ ಆಜ್ಞೆ ಹೊರಡಿಸಿತು. ಹೀಗೆ ನಾಲ್ಕು ಜನರ ಕೆಲಸ ನನ್ನವರ ಒಬ್ಬರ ಕೊರಳಿಗೆ ಬಿತ್ತು. ವಿಮಾನಗಳ ಹಾರಾಟವನ್ನು ಮಾತ್ರ ಯಾರೂ ಕಡಿಮೆ ಮಾಡಲಿಲ್ಲ, ಅವು ಮೊದಲಿಗಿಂತ ಜಾಸ್ತಿಯೇ ಹಾರುತ್ತಿದ್ದವು.

ದಿನವಿಡೀ ಅಲ್ಲಾಡದೆ ಕೂತು, ಬಾತ್‌ರೂಮಿಗೂ ಎದ್ದು ಹೋಗಲಾಗದೆ, ನನ್ನವರಿಗೆ ಈ ಕಾಯಿಲೆ ಅಂಟಿಕೊಂಡಿತು. ಅವರು ಸ್ಕೂಟರಿನ ಹಳೆಯ ಟ್ಯೂಬಿಗೆ ಗಾಳಿ ತುಂಬಿಸಿ ಕುರ್ಚಿಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಯಾರಿಗೂ ಗೊತ್ತಾಗಬಾರದೆಂದು ನಾನು ಅದಕ್ಕೆ ಹೂವಿನ ಬಟ್ಟೆಯ ಗವಸು ಹೊಲಿದುಕೊಟ್ಟೆ. ಡಾಕ್ಟರು ನೋಡಿ, "ಆಪರೇಷನ್ ಮಾಡಲೇಬೇಕು, ಆಮೇಲೆ ಎರಡು ವಾರ ಮಲಗಿರಬೇಕು, ಮುಂದೂಡಿದರೆ ರಕ್ತ ಹೋಗಿ ಹೋಗಿ ಒಂದು ದಿನ ಟವರಿನಲ್ಲೇ ಬಿದ್ದುಬಿಡ್ತೀರಿ" ಎಂದು ಗದರಿಸಿದರು.

ಇವರು ರಜೆಗೆ ಅರ್ಜಿ ಹಾಕಿದರು. ಕಾರಣ ಏನು ಬರೆದರು ಗೊತ್ತೆ? "ಸ್ವಂತ ಕೆಲಸ."

"ಏನ್ರೀ ಇದು? ಕಾಯಿಲೆ ಅಂತ ಬರೀರಿ. ಯಾವ ಕಾಯಿಲೆ ಅಂತಾನೂ ಬರೀರಿ" ಎಂದೆ.

"ಅಯ್ಯೋ, ಅದು ಟೈಪಿಸ್ಟ್ ಹುಡುಗಿ ಕೈ ಮೇಲೆ ಹೋಗತ್ತೆ ಕಣೇ. ಆಮೇಲೆ ನಾನು ಅವಳ ಮುಖ ಹೆಂಗೆ ನೋಡ್ಲಿ?"

"ಅವಳ ಮುಖ ನೀವ್ಯಾಕೆ ನೋಡ್ಬೇಕು?"

ಅವರು ಅರ್ಜಿಯನ್ನು ಹಾಗೇ ಕಳಿಸಿದರು. ಅದಕ್ಕೆ ಉತ್ತರ ಬಂತು: ಬದಲಿ ನೌಕರರಿಲ್ಲ, ಸ್ವಂತ ಕೆಲಸವನ್ನು ಮುಂದಕ್ಕೆ ಹಾಕಿಕೊಳ್ಳತಕ್ಕದ್ದು. ಹೀಗೆ ಅರ್ಜಿ ಹೋಗುವುದು, ಉತ್ತರ ಬರುವುದು ನಡೆದೇ ಇತ್ತು. ಇವರು ಸ್ವಂತ ಕೆಲಸವನ್ನು ಗಾಳಿಯ ಟ್ಯೂಬಿನ ಮೇಲಿಟ್ಟುಕೊಂಡು ಮುಂದಕ್ಕೆ ಹಾಕುತ್ತ ಹೋದರು.

ಆ ಹೊತ್ತಿಗೆ ಮಿತವ್ಯಯ ಸಮಿತಿ ಬರುತ್ತದೆಂಬ ಸುದ್ದಿ ಬಂತು. ಯಾವ ಯಾವ ಕಛೇರಿಯಲ್ಲಿ ಯಾರು ಯಾರು ದಂಡಕ್ಕೆ ಸಂಬಳ ತಿನ್ನುತ್ತಿದ್ದಾರೆಂದು ನೋಡಿ, ಅಂಥ ಹುದ್ದೆಗಳನ್ನು ಕತ್ತರಿಸುವ ಸಮಿತಿ ಅದು. ಬಹಳ ಕಾಲದಿಂದ ಖಾಲಿ ಬಿದ್ದಿರುವ ಹುದ್ದೆಗಳನ್ನಂತೂ ಕೇಳದೆಯೇ ರದ್ದು ಮಾಡುತ್ತದೆ ಎಂದು ನಮ್ಮ ಮೈದಾನದ ಆಫೀಸರ್ ಜಯಸಿಂಹ ಅವರಿಗೆ ಯಾರೋ ಹೇಳಿದ್ದರು. ಜಯಸಿಂಹ ಒಳ್ಳೆಯವರೇ. ಆದರೆ ಅವರು ಆಡಳಿತದ ಕಡೆಯಿಂದ ಬಂದವರು, ಮೈಕು ಹಿಡಿದು ವಿಮಾನ ಇಳಿಸುವ ಕೆಲಸ ಅವರಿಗೆ ಬರುತ್ತಿರಲಿಲ್ಲ. ಅವರು ನಮ್ಮ ಮನೆಗೇ ಬಂದು, ಕಾಫಿ ಲೋಟ ಹಿಡಿದುಕೊಂಡು ಯೋಚನೆ ಮಾಡಿದರು.

"ನೋಡಿ ದ್ವಾರಕಾನಾಥ್, ಮೂರು ಕುರ್ಚಿ ಖಾಲಿ ಕಂಡ್ರೆ ಮೂರೂ ಪೋಸ್ಟು ಹೋಯ್ತು ಅಂತಲೇ. ಮತ್ತೆ ಜನ್ಮದಲ್ಲಿ ಬರಲ್ಲ. ಕುರ್ಚಿ ತುಂಬಿಸಬೇಕು."

"ಯಾರನ್ನ ಕೂರ್ಸೋದು ಸಾರ್?"

"ಯಾರಾದ್ರೂ ಸರಿ. ಒಂದು ಗಂಟೆ ಮಾತು."

ಇದರಲ್ಲಿ ಅವರಿಗಾಗಲಿ ನಮಗಾಗಲಿ ಏನೂ ವಿಚಿತ್ರ ಕಾಣಲಿಲ್ಲ. ಹೆಣ್ಣು ನೋಡಲು ಬರುತ್ತಾರೆಂದರೆ ಪಕ್ಕದ ಮನೆಯ ಸೋಫಾ, ಎದುರುಮನೆಯ ರೇಡಿಯೋ, ಹಿಂದಿನ ಮನೆಯ ಬೆಳ್ಳಿ ಲೋಟ ತಂದಿಟ್ಟು ಕೂರುವ ಜನ ನಾವು. ಸೋಫಾ ತರಬಹುದಾದರೆ ಮನುಷ್ಯರನ್ನು ತಂದರೇನು? ಹುದ್ದೆ ಉಳಿದರೆ ಒಂದಲ್ಲ ಒಂದು ದಿನ ಒಬ್ಬನನ್ನಾದರೂ ಕಳಿಸುತ್ತಾರೆ, ಇವರು ಆಸ್ಪತ್ರೆಗೆ ಹೋಗುತ್ತಾರೆ ಎಂಬುದಷ್ಟೇ ನನ್ನ ತಲೆಯಲ್ಲಿದ್ದದ್ದು.

ಮೂರು ಜನ ಸಿಕ್ಕಿದರು. ಮೊದಲನೆಯವರು ವೆಂಕಟೇಶಪ್ಪ. ಈ ಮೈದಾನ ಮಾಡುವಾಗ ಅವರ ರಾಗಿ ಹೊಲವೆಲ್ಲ ರನ್‌ವೇ ಅಡಿಗೆ ಹೋಗಿತ್ತು. ಮನೆಗೊಂದು ಸರ್ಕಾರಿ ಕೆಲಸ ಕೊಡುತ್ತೇವೆಂದು ಆಗ ಮಾತು ಕೊಟ್ಟವರು ಆಮೇಲೆ ಈ ಕಡೆ ತಲೆ ಹಾಕಲಿಲ್ಲ. ಉಳಿದ ಜಾಗದಲ್ಲಿ ಅವರು ಸಾಲು ಮನೆ ಕಟ್ಟಿಸಿ ಕಾರ್ಖಾನೆ ಹುಡುಗರಿಗೆ ಬಾಡಿಗೆಗೆ ಕೊಟ್ಟು ಸುಖವಾಗಿದ್ದರು, ಆದರೆ ಆ ಕೆಲಸದ ಆಸೆ ಬಿಟ್ಟಿರಲಿಲ್ಲ. ಎರಡನೆಯವರು ನಲ್ಲಪ್ಪ, ಕೈಗಡಿಯಾರದ ಕಾರ್ಖಾನೆಯಿಂದ ನಿವೃತ್ತರಾದವರು, ಇಂಗ್ಲಿಷ್ ಪೇಪರನ್ನು ಗಟ್ಟಿಯಾಗಿ ಓದುವವರು. ಮೂರನೆಯವರು ದರ್ಜಿ ಶ್ಯಾಮಣ್ಣ. ಮೂವರಿಗೂ ಬೇಕಾದ, ಕಂಟ್ರೋಲರುಗಳು ಹಾಕುವಂಥ ಬಿಳಿ ಶರ್ಟು ಹೊಲಿದವನೂ ಅವನೇ ಆದ್ದರಿಂದ ಅವನನ್ನು ಬಿಡುವಂತಿರಲಿಲ್ಲ.

ಸಮಿತಿಯ ದಿನ ನಾನು ಉಪ್ಪಿಟ್ಟು, ಕೇಸರಿಬಾತು ಹೊತ್ತುಕೊಂಡು ಟವರ್ ಹತ್ತಿದೆ. ನೋಡುತ್ತೇನೆ, ನಾಲ್ಕು ಕುರ್ಚಿಯಲ್ಲೂ ಬಿಳಿ ಶರ್ಟಿನ ನಾಲ್ಕು ಜನ. ವೆಂಕಟೇಶಪ್ಪ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಹೊರಗೆ ನೋಡುತ್ತಿದ್ದರು, ಅದರ ವಯರು ಎಲ್ಲಿಗೂ ಸೇರಿರಲಿಲ್ಲ. ಶ್ಯಾಮಣ್ಣ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದ, ಹತ್ತಿರ ಹೋಗಿ ನೋಡಿದರೆ ಅದು ಸಫಾರಿ ಸೂಟಿನ ಕಟಿಂಗ್. ನಲ್ಲಪ್ಪ ದೂರದರ್ಶಕದಲ್ಲಿ ಬಸ್ ಸ್ಟಾಪ್ ನೋಡುತ್ತಿದ್ದರು. ನನ್ನವರು ತಮ್ಮ ಹೂವಿನ ಗವಸಿನ ಮೇಲೆ ಹರಳೆಣ್ಣೆ ಕುಡಿದವರಂತೆ ಮುಖ ಮಾಡಿಕೊಂಡು ಕೂತಿದ್ದರು.

ಜಯಸಿಂಹ ಇನ್ನೊಂದು ಜಾಣತನವನ್ನೂ ಮಾಡಿದ್ದರು. ದೊಡ್ಡವರು ಬಂದಾಗ ಏನಾದರೂ ಎಡವಟ್ಟಾದರೆ ಕಷ್ಟ ಎಂದು, ಆ ಬೆಳಗ್ಗೆ ಒಂದೂ ವಿಮಾನ ಹಾರಿಸಬೇಡಿ ಎಂದು ತರಬೇತಿ ಶಾಲೆಯವರಿಗೆ ಹೇಳಿಬಿಟ್ಟಿದ್ದರು. ಆದ್ದರಿಂದ ಸಮಿತಿಯ ಮೂವರು ಮೇಲೆ ಹತ್ತಿ ಬಂದಾಗ ಕಂಡದ್ದು ಇಷ್ಟು: ಆಕಾಶದಲ್ಲಿ ಹದ್ದು ಬಿಟ್ಟರೆ ಏನಿಲ್ಲ, ಟವರಿನಲ್ಲಿ ನಾಲ್ಕು ಜನ ಕಂಟ್ರೋಲರುಗಳು ಉಪ್ಪಿಟ್ಟು ತಿನ್ನುತ್ತಿದ್ದಾರೆ.

ಸಮಿತಿಯ ಅಧ್ಯಕ್ಷರು ವೆಂಕಟೇಶಪ್ಪನವರ ಬಳಿ ನಿಂತು ಇಂಗ್ಲಿಷಿನಲ್ಲಿ ಕೇಳಿದರು, ಕೆಲಸ ಹೇಗಿದೆ, ಒತ್ತಡ ಇದೆಯೇ ಎಂದು. ವೆಂಕಟೇಶಪ್ಪನವರಿಗೆ ಜಯಸಿಂಹ "ಯೆಸ್ ಸಾರ್", ಮತ್ತು ಕೇಳಿಸಿತು ಎನ್ನಲು ವಿಮಾನದವರು ಬಳಸುವ "ರೋಜರ್ ಸಾರ್" ಎಂಬ ಎರಡು ಮಾತು ಕಲಿಸಿದ್ದರು. ಆದರೆ ವೆಂಕಟೇಶಪ್ಪ ಗತ್ತಿನ ಮನುಷ್ಯ, ಕಷ್ಟವಿದೆ ಎಂದು ಒಪ್ಪಿಕೊಳ್ಳುವುದು ಅವರ ಜಾಯಮಾನದಲ್ಲೇ ಇಲ್ಲ. "ನೋ ಸಾರ್. ಆರಾಮ್ ಸಾರ್" ಎಂದುಬಿಟ್ಟರು. ಅಧ್ಯಕ್ಷರು ತಲೆದೂಗಿ, ನನ್ನವರ ಕುರ್ಚಿಯ ಹೂವಿನ ಗವಸಿನ ಅಂಚನ್ನು ಬೆರಳಿನಿಂದ ಒತ್ತಿ ನೋಡಿ, ಕೇಸರಿಬಾತನ್ನು ಎರಡು ಸಲ ಹಾಕಿಸಿಕೊಂಡು ಹೋದರು.

ಅವರ ವರದಿ ಬಂದಾಗ ಜಯಸಿಂಹ ಅದನ್ನು ನಮ್ಮ ಮನೆಗೇ ತಂದು ಓದಿದರು. ದೊಡ್ಡಕುಂಟೆಯಲ್ಲಿ ಒಬ್ಬರು ಮಾಡಬಹುದಾದ ಕೆಲಸಕ್ಕೆ ನಾಲ್ವರಿದ್ದಾರೆ, ನೌಕರರು ಮೆತ್ತನೆಯ ಆಸನಗಳಲ್ಲಿ ಉಪಾಹಾರದಲ್ಲಿ ತೊಡಗಿದ್ದರು, ಒತ್ತಡವಿಲ್ಲವೆಂದು ಅವರೇ ಒಪ್ಪಿದ್ದಾರೆ, ಆದ್ದರಿಂದ ಮೂವರನ್ನು ಕೂಡಲೇ ಕೆಲಸದಿಂದ ತೆಗೆಯತಕ್ಕದ್ದು. ಖಾಲಿ ಇದ್ದರೆ ಬೇಡವೆಂದು ಕತ್ತರಿಸುವವರು, ತುಂಬಿದ್ದರೆ ಹೆಚ್ಚಾಯಿತೆಂದು ಕತ್ತರಿಸಿದರು. ಕತ್ತರಿ ಹಿಡಿದುಕೊಂಡೇ ರೈಲು ಹತ್ತಿದವರಿಗೆ ಬಟ್ಟೆ ಯಾವುದಾದರೇನು! ನಾನು ಜಯಸಿಂಹರನ್ನೂ ಸಮಿತಿಯನ್ನೂ ಅವರು ತಿಂದ ಕೇಸರಿಬಾತನ್ನೂ ಸೇರಿಸಿ ಬಾಯಿಗೆ ಬಂದಂತೆ ಬೈದೆ.

"ಇರೋ ವಿಷಯ ದೆಹಲಿಗೆ ಬರೆದುಬಿಡಿ ಸಾರ್" ಎಂದರು ನನ್ನವರು.

"ಏನಂತ ಬರೀಲಿ? ಕೇಂದ್ರ ಸರ್ಕಾರದ ಸಮಿತಿಗೆ ಟೈಲರನ್ನ ತೋರಿಸಿದೆ ಅಂತಲೇ? ನನ್ನ ಪೆನ್ಷನ್ನು ಹೋಗತ್ತೆ ಕಣ್ರೀ!"

ಅವರು ಬರೆಯಲಿಲ್ಲ. "ಆದೇಶದಂತೆ ಮೂವರನ್ನು ಕೆಲಸದಿಂದ ತೆಗೆಯಲಾಗಿದೆ" ಎಂದು ಉತ್ತರ ಕೊಟ್ಟು ಕೈತೊಳೆದುಕೊಂಡರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ವೆಂಕಟೇಶಪ್ಪನವರಿಗೆ ಸುದ್ದಿ ತಲುಪಿತು.

ಮಾರನೆಯ ದಿನ ಮೈದಾನದ ಗೇಟಿನ ಮುಂದೆ ಶಾಮಿಯಾನ ಎದ್ದಿತ್ತು. "ಕೆಲಸದಿಂದ ತೆಗೆದ ಮಣ್ಣಿನ ಮಕ್ಕಳಿಗೆ ನ್ಯಾಯ ಕೊಡಿ" ಎಂಬ ಬಟ್ಟೆಯ ಬ್ಯಾನರು. ಅದರ ಅಂಚನ್ನು ಶ್ಯಾಮಣ್ಣ ಬಹಳ ನಾಜೂಕಾಗಿ ಮಡಚಿ ಹೊಲಿದಿದ್ದ. ಮೂವರೂ ಬಿಳಿ ಶರ್ಟು ಹಾಕಿಕೊಂಡು ಜಮಖಾನದ ಮೇಲೆ ಕೂತಿದ್ದರು. ನಾನು ಹೋಗಿ ಕೇಳಿದೆ.

"ಏನು ವೆಂಕಟೇಶಪ್ಪನೋರೇ ಇದು? ನೀವು ಕೆಲಸಕ್ಕೇ ಸೇರಿರ್ಲಿಲ್ವಲ್ಲ!"

"ಅದೇ ನೋಡವ್ವ ಅನ್ಯಾಯ! ಕೊಡ್ತೀವಿ ಅಂದ್ರು, ಕೊಡ್ಲಿಲ್ಲ. ಕೊಡ್ದೇನೇ ಕಿತ್ಕೊಂಡವ್ರೆ. ಇಂಗೂ ಉಂಟಾ? ಕಿತ್ಕೊಂಡವ್ರೆ ಅಂದ್ಮೇಲೆ ಕೊಟ್ಟಂಗೇ ಆಯ್ತಲ್ಲ. ಸರ್ಕಾರದೋರೇ ಕಾಗ್ದದಾಗೆ ಬರ್ದವ್ರೆ."

ಚುನಾವಣೆ ಬೇರೆ ಹತ್ತಿರ ಬಂದಿತ್ತು. ಶಾಸಕರು ಜೀಪಿನಲ್ಲಿ ಬಂದು ಜಮಖಾನದ ಮೇಲೆ ಕೂತು ಫೋಟೋ ತೆಗೆಸಿಕೊಂಡರು. ಕಾರ್ಖಾನೆಗಳ ಯೂನಿಯನ್ನಿನವರು ಕೆಂಪು ಬಾವುಟ ತಂದರು, ಅವರಿಗಾಗದವರು ಬೇರೆ ಬಣ್ಣದ್ದು ತಂದರು. ನಲ್ಲಪ್ಪ ಇಂಗ್ಲಿಷಿನಲ್ಲಿ ಭಾಷಣ ಮಾಡಿದರು, ಯಾರಿಗೂ ಅರ್ಥವಾಗದೆ ಎಲ್ಲರೂ ಚಪ್ಪಾಳೆ ತಟ್ಟಿದರು. ಟವರಿನ ಮೇಲೆ ನಿಜವಾಗಿ ಕೆಲಸ ಮಾಡುತ್ತಿದ್ದ ಒಬ್ಬನೇ ಒಬ್ಬ ಮನುಷ್ಯ ಆ ಧ್ವನಿವರ್ಧಕದ ಗದ್ದಲದಲ್ಲಿ ವಿಮಾನದವರ ಮಾತು ಕೇಳಿಸದೆ ಒದ್ದಾಡುತ್ತಿದ್ದುದನ್ನು ಯಾರೂ ತಲೆಯೆತ್ತಿ ನೋಡಲಿಲ್ಲ.

ಅದೇ ವಾರ ಒಂದು ಮಧ್ಯಾಹ್ನ ನಾನು ಊಟದ ಕ್ಯಾರಿಯರ್ ತೆಗೆದುಕೊಂಡು ಟವರಿಗೆ ಹೋದೆ. ಇವರು ಕುರ್ಚಿಯಲ್ಲಿರಲಿಲ್ಲ. ಮೇಜನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿ ನಿಂತಿದ್ದರು. ಬೆನ್ನಿನ ಮೇಲೆ ಶರ್ಟು ಬೆವರಿಗೆ ಅಂಟಿತ್ತು. ಮೇಲೆ ಎರಡು ಪುಟ್ಟ ವಿಮಾನ ಒಂದೇ ಕಡೆಯಿಂದ ರನ್‌ವೇಗೆ ಬರುತ್ತಿದ್ದವು. ಒಂದರಲ್ಲಿ ಅವತ್ತೇ ಮೊದಲ ಸಲ ಒಬ್ಬಳೇ ಹಾರಿಸುತ್ತಿದ್ದ ಹುಡುಗಿ. ಇವರ ಧ್ವನಿ ಮಾತ್ರ ಮಗುವಿಗೆ ಅನ್ನ ತಿನ್ನಿಸುವವರ ಹಾಗೆ ಮೆತ್ತಗಿತ್ತು. ಇನ್ನೊಂದನ್ನು ಎಡಕ್ಕೆ ತಿರುಗಿಸಿದರು, ಆ ಹುಡುಗಿಯನ್ನು ಇಳಿಸಿದರು, ಆಮೇಲೆ ಅದನ್ನು ಒಂದು ಸುತ್ತು ಹಾಕಿಸಿ ಇಳಿಸಿದರು. ಎರಡೂ ನಿಂತ ಮೇಲೆ ಮೈಕು ಕೆಳಗಿಟ್ಟು ನೆಲದ ಮೇಲೆ ಬೋರಲಾಗಿ ಮಲಗಿಬಿಟ್ಟರು. ಪ್ಯಾಂಟಿನ ಹಿಂದೆ ರಕ್ತವಿತ್ತು.

ಅಲ್ಲಿಯವರೆಗೆ ನನಗೆ ಇದೆಲ್ಲ ಬೈದು ಮುಗಿಸುವಷ್ಟು ವಿಷಯ ಎನಿಸಿತ್ತು. ಅವತ್ತು ಹೆದರಿಕೆಯಾಯಿತು.

"ನಾನು ಒಂದು ನಿಮಿಷ ಮುಂಚೆ ಬಿದ್ದಿದ್ರೆ ಆ ಮಗು ಹೋಗ್ತಿತ್ತು ಕಣೇ ಭಾನು" ಎಂದರು ನೆಲದಿಂದಲೇ. ಕಣ್ಣಲ್ಲಿ ನೀರಿತ್ತು, ನೋವಿಗಲ್ಲ.

ಇತ್ತ ಮಂತ್ರಿಗಳು ಶಾಮಿಯಾನದಡಿ ಬಂದು ಹೂವಿನ ಹಾರ ಹಾಕಿಸಿಕೊಂಡು, ದೊಡ್ಡಕುಂಟೆಯ ಒಬ್ಬನೇ ಒಬ್ಬ ನೌಕರನೂ ಬೀದಿಗೆ ಬೀಳಲು ಬಿಡುವುದಿಲ್ಲ, ದೆಹಲಿಯವರ ಜೊತೆ ಮಾತಾಡಿದ್ದೇನೆ ಎಂದು ಘೋಷಿಸಿದರು. ತೆಗೆದ ಆದೇಶ ರದ್ದಾಯಿತು. ಹೀಗೆ ಎಂದೂ ಸೇರದ ಕೆಲಸದಿಂದ ತೆಗೆಯಲ್ಪಟ್ಟಿದ್ದ ಮೂವರು ಆ ಕೆಲಸಕ್ಕೆ ಮರಳಿ ಸೇರಿದರು. ಸಂಬಳದ ಕಛೇರಿಯಲ್ಲಿ ಅವರ ಹೆಸರಿಲ್ಲದ್ದರಿಂದ ಸಂಬಳ ಮಾತ್ರ ಬರಲಿಲ್ಲ.

"ಸಂಬ್ಳ ಯಾರಿಗ್ ಬೇಕು ಬಿಡವ್ವ, ಬಾಡ್ಗೆ ಬತ್ತದೆ" ಎಂದರು ವೆಂಕಟೇಶಪ್ಪ. "ಮೊಮ್ಮಗಳ ಲಗ್ನಪತ್ರಿಕೇಲಿ ಸೆಂಟ್ರಲ್ ಗೌರ್ಮೆಂಟು ಅಂತ ಆಕಿಸ್ಬೋದಲ್ಲ."

ಇಷ್ಟಾದ ಮೇಲೆ ನನ್ನ ಗಂಡನಿಗೆ ರಜೆ ಸಿಕ್ಕಿತು! ದೊಡ್ಡಕುಂಟೆಯಲ್ಲಿ ನಾಲ್ವರು ನೌಕರರಿರುವುದು ಸಮಿತಿಯಿಂದಲೂ ಮಂತ್ರಿಗಳಿಂದಲೂ ದೃಢಪಟ್ಟಿರುವುದರಿಂದ ರಜೆ ಮಂಜೂರು ಮಾಡಿದೆ, ಹೊರಗಿನಿಂದ ಬದಲಿ ಕಳಿಸುವ ಅಗತ್ಯವಿಲ್ಲ, ಉಳಿದ ಮೂವರು ಕೆಲಸ ಹಂಚಿಕೊಳ್ಳತಕ್ಕದ್ದು. ಜಯಸಿಂಹ ಆ ಆದೇಶ ಹಿಡಿದುಕೊಂಡು ನಗುತ್ತಾ ಬಂದರು.

"ಹೋಗಿ ಬನ್ನಿ ದ್ವಾರಕಾನಾಥ್. ಎರಡು ವಾರ ತಾನೇ? ವೆಂಕಟೇಶಪ್ಪನವರು ಇದ್ದಾರೆ. ಎರಡು ಮಾತು ಆಗಲೇ ಬರುತ್ತೆ, ಇನ್ನು ನಾಲ್ಕು ಕಲಿಸಿಬಿಡಿ. ನಲ್ಲಪ್ಪನವರಿಗೆ ಇಂಗ್ಲಿಷ್ ಇದೆ."

ನನ್ನವರು ಜೀವಮಾನದಲ್ಲಿ ಮೇಲಿನವರಿಗೆ ಎದುರು ಮಾತಾಡಿದವರಲ್ಲ. ಅವತ್ತು ಎದ್ದು ನಿಂತರು. ಕೂತು ಹೇಳಲು ಆಗುತ್ತಿರಲಿಲ್ಲ ಎನ್ನುವುದೂ ನಿಜ. "ಸಾರ್, ಮೇಲೆ ಮಕ್ಕಳಿದ್ದಾರೆ" ಎಂದರು. ಅಷ್ಟೇ. ಜಯಸಿಂಹರ ನಗು ನಿಂತಿತು. ಅವರು ಆದೇಶವನ್ನು ನಮ್ಮ ಮೇಜಿನ ಮೇಲಿಟ್ಟು, ನಿಮ್ಮಿಷ್ಟ ಎಂದು ಹೇಳಿ ಹೋದರು.

ಕೈಯಲ್ಲಿ ರಜೆ ಇತ್ತು, ಆಸ್ಪತ್ರೆಯಲ್ಲಿ ಹಾಸಿಗೆ ನಿಗದಿಯಾಗಿತ್ತು, ಆದರೂ ಈ ಮನುಷ್ಯ ಮಾರನೆಯ ಬೆಳಗ್ಗೆ ಬಿಳಿ ಶರ್ಟು ಹಾಕಿಕೊಂಡು ಟವರಿಗೆ ಹೊರಟರು. ನನಗೆ ಸಿಟ್ಟು ನೆತ್ತಿಗೇರಿತು. ಆಸ್ಪತ್ರೆಗೆಂದು ತುಂಬಿಟ್ಟಿದ್ದ ಬಟ್ಟೆಯ ಚೀಲ ಹಿಡಿದುಕೊಂಡು ಹಿಂದೆಯೇ ಹೊರಟೆ. ದಾರಿಯಲ್ಲಿ ಶ್ಯಾಮಣ್ಣನ ಅಂಗಡಿಗೆ ಬೀಗ ಹಾಕಿತ್ತು. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ: "ಅಂಗಡಿ ಮುಚ್ಚಿದೆ. ನಾನು ತಿರುಪತಿಗೆ ಹೋಗಿರುತ್ತೇನೆ. ಬಟ್ಟೆ ಬಂದ ಮೇಲೆ ಕೊಡುತ್ತೇನೆ." ನಾನು ಅಲ್ಲೇ ನಿಂತುಬಿಟ್ಟೆ.

"ನೋಡ್ರೀ ಇಲ್ಲಿ. ಟೈಲರ್‌ಗೆ ಇರೋ ಧೈರ್ಯ ನಿಮಗಿಲ್ಲ. ಅಂಗಡಿ ಬಾಗಿಲು ಹಾಕಿ. ಆಮೇಲೆ ಯಾರೂ ಇಳಿಯೋದೂ ಬೇಡ, ಹತ್ತೋದೂ ಬೇಡ."

"ಮೈದಾನ ಮುಚ್ಚೋಕಾಗತ್ತೇನೇ?"

"ಮೊನ್ನೆ ರನ್‌ವೇ ಮೇಲೆ ಎಮ್ಮೆ ಸತ್ತು ಬಿದ್ದಾಗ ಮುಚ್ಚಲಿಲ್ವಾ? ಎಮ್ಮೆಗಿರೋ ಬೆಲೆ ನಿಮಗಿಲ್ವಾ?"

ನಾನು ಹೇಳಿದ್ದು ನಿಜವಾಗಿತ್ತು. ಮೈದಾನದಲ್ಲಿ ಇಳಿಯುವುದು ಅಪಾಯ ಎನಿಸಿದರೆ ಅದನ್ನು ಮುಚ್ಚಿ, ಕಾರಣ ತಿಳಿಸಿ ಎಲ್ಲ ವಿಮಾನ ನಿಲ್ದಾಣಗಳಿಗೂ ಟೆಲಿಪ್ರಿಂಟರಿನಲ್ಲಿ ಸೂಚನೆ ಕಳಿಸುವ ಅಧಿಕಾರ ಟವರಿನಲ್ಲಿ ಇರುವವರಿಗಿತ್ತು. ಯಾರ ಸಹಿಯೂ ಬೇಕಿರಲಿಲ್ಲ. ನೀರು ನಿಂತಾಗ, ಎಮ್ಮೆ ಸತ್ತಾಗ ಇವರೇ ಕಳಿಸಿದ್ದರು. ಆದರೆ ಕಾರಣ ಬರೆಯಲೇಬೇಕು. ಬರೆದದ್ದು ದಕ್ಷಿಣ ದೇಶದ ಎಲ್ಲ ಟವರಿನಲ್ಲೂ, ಎಲ್ಲ ಟೈಪಿಸ್ಟ್ ಹುಡುಗಿಯರ ಕೈಯಲ್ಲೂ ಅಚ್ಚಾಗಿ ಹೊರಬರುತ್ತದೆ.

ಟವರ್ ಹತ್ತಿ ಅವರು ಟೆಲಿಪ್ರಿಂಟರಿನ ಮುಂದೆ ಹೋಗಿ ನಿಂತರು. "ಸ್ವಂತ ಕೆಲಸ" ಎಂದು ಬರೆದುಬಿಡುತ್ತಾರೋ ಎಂದು ನಾನು ಹಲ್ಲು ಕಚ್ಚಿಕೊಂಡು ನೋಡುತ್ತಿದ್ದೆ. ಅವರ ಕಿವಿ ಕೆಂಪಗಾಗಿತ್ತು. ಆಮೇಲೆ ಒಂದೊಂದೇ ಬೆರಳಿನಿಂದ ಒತ್ತತೊಡಗಿದರು. ಅವರು ಇಂಗ್ಲಿಷಿನಲ್ಲಿ ಹೊಡೆದದ್ದರ ಸಾರ ಹೀಗಿತ್ತು: "ದೊಡ್ಡಕುಂಟೆ ಮೈದಾನ ಎರಡು ವಾರ ಮುಚ್ಚಿದೆ. ಕಾರಣ, ಇರುವ ಒಬ್ಬನೇ ಕಂಟ್ರೋಲರಿಗೆ ಮೂಲವ್ಯಾಧಿಯ ಆಪರೇಷನ್. ದಾಖಲೆಯಲ್ಲಿರುವ ಉಳಿದ ಮೂವರಲ್ಲಿ ಒಬ್ಬರು ರೈತರು, ಒಬ್ಬರು ನಿವೃತ್ತರು, ಒಬ್ಬರು ದರ್ಜಿ. ದರ್ಜಿ ತಿರುಪತಿಗೆ ಹೋಗಿದ್ದಾರೆ."

ಕೊನೆಯ ವಾಕ್ಯ ಬೇಕಿರಲಿಲ್ಲ. ಆದರೆ ಒಮ್ಮೆ ನಿಜ ಹೇಳಲು ಶುರು ಮಾಡಿದ ಮೇಲೆ ಆ ಮನುಷ್ಯನಿಗೆ ನಿಲ್ಲಿಸಲು ಬರಲಿಲ್ಲ. ಅವರು ಟವರಿಗೆ ಬೀಗ ಹಾಕಿದರು, ನಾನು ಆಟೋ ಕರೆದೆ. ಆಸ್ಪತ್ರೆಯ ದಾರಿಯಲ್ಲಿ ಮಾರತ್‌ಹಳ್ಳಿಯವರೆಗೂ ಒಂದೊಂದು ಗುಂಡಿಗೂ ದೇವರ ಹೆಸರು ಹೇಳುತ್ತ, ಅರ್ಧ ನಿಂತುಕೊಂಡೇ ಬಂದರು.

ಆಪರೇಷನ್ ಆದ ಮೂರನೆಯ ದಿನ ಜಯಸಿಂಹ ಆಸ್ಪತ್ರೆಗೆ ಬಂದರು. ಕೈಯಲ್ಲಿ ಮೂಸಂಬಿ ಚೀಲ, ಮುಖ ಕಪ್ಪಿಟ್ಟಿತ್ತು. ಇವರು ಬೋರಲಾಗಿ ಮಲಗಿದ್ದರಿಂದ ಮುಖ ನೋಡಲು ಅವರೇ ಮಂಚದ ಆ ತುದಿಗೆ ಹೋಗಿ ಬಗ್ಗಬೇಕಾಯಿತು.

"ಎಂಥ ಕೆಲಸ ಮಾಡಿದ್ರಿ ದ್ವಾರಕಾನಾಥ್! ಮಂತ್ರಿಗಳ ವಿಮಾನ ಇಳಿಯೋಕಾಗದೆ ವಾಪಸ್ ಹೋಯ್ತು. ಅವರ ಕೈಗೇ ನಿಮ್ಮ ಸೂಚನೆ ಕೊಟ್ಟಿದ್ದಾರೆ. ದೆಹಲಿಯಿಂದ ಟ್ರಂಕ್ ಕಾಲ್ ಮೇಲೆ ಟ್ರಂಕ್ ಕಾಲ್. ನನ್ನ ಮೇಲೆ ವಿಚಾರಣೆ ಹಾಕಿದ್ದಾರೆ. ಬೇರೆ ಕಾರಣ ಬರೀಬಾರದಿತ್ತೇನ್ರೀ? ಇನ್ನೊಂದು ಎಮ್ಮೆ ಸತ್ತಿತು ಅಂತ ಹಾಕಿದ್ರೂ ನಡೀತಿತ್ತು!"

"ನಮ್ಮ ಸ್ಟೇಷನ್ನಿಂದ ಸುಳ್ಳು ಸಾಕಷ್ಟು ಹೋಗಿತ್ತಲ್ಲ ಸಾರ್" ಎಂದರು ಇವರು ದಿಂಬಿನೊಳಗಿಂದ.

ಜಯಸಿಂಹ ನಿಟ್ಟುಸಿರು ಬಿಟ್ಟು ಸ್ಟೂಲಿನ ಮೇಲೆ ಕೂತರು. ಮದರಾಸಿನಿಂದ ಇಬ್ಬರು ಕಂಟ್ರೋಲರುಗಳು ನಿನ್ನೆಯೇ ಬಂದರು, ಹುದ್ದೆಗಳನ್ನು ತುಂಬಲು ದೆಹಲಿ ಒಪ್ಪಿದೆ ಎಂದು ತಿಳಿಸಿದರು. ವೆಂಕಟೇಶಪ್ಪ ಅವರಿಬ್ಬರಿಗೂ ತಮ್ಮ ಸಾಲು ಮನೆಯನ್ನೇ ಬಾಡಿಗೆಗೆ ಕೊಟ್ಟರಂತೆ. ಆಮೇಲೆ ಜೇಬಿನಿಂದ ಟೆಲಿಪ್ರಿಂಟರಿನ ಕಾಗದದ ತುಂಡುಗಳನ್ನು ತೆಗೆದರು.

"ಇವು ನಿಮಗೆ ಬಂದಿರೋದು. ಓದಿ ಹೇಳೋಕೂ ನನಗೆ ನಾಚಿಕೆ."

ಅವರಿಗೆ ನಾಚಿಕೆಯಾದ್ದರಿಂದ ನಾನು ಕಿತ್ತುಕೊಂಡು ಓದಿದೆ. ಎಲ್ಲೆಲ್ಲಿಂದಲೋ, ಹೆಸರೇ ಕೇಳದ ಸಣ್ಣ ಸಣ್ಣ ಮೈದಾನಗಳಿಂದ ಬಂದವು. ಒಂದು ಟವರಿನಲ್ಲಿ ಒಬ್ಬನೇ ಇರುವವನಿಗೆ ಹರ್ನಿಯಾ, ನಾಳೆಯಿಂದ ಅವನೂ ಮೈದಾನ ಮುಚ್ಚುತ್ತಾನಂತೆ. ಇನ್ನೊಬ್ಬ ಮದುವೆಯಾಗಿ ವರ್ಷವಾದರೂ ಹೆಂಡತಿಯನ್ನು ಕರೆತರಲು ರಜೆ ಸಿಕ್ಕಿಲ್ಲವಂತೆ, ಅವನೂ ಮುಚ್ಚಿದ್ದಾನೆ, ಕಾರಣದ ಜಾಗದಲ್ಲಿ "ಹೆಂಡತಿ" ಎಂದು ಹಾಕಿದ್ದಾನೆ. ಒಂದು ಊರಿನಿಂದ ಬಂದದ್ದರಲ್ಲಿ ಇಷ್ಟೇ ಇತ್ತು: "ನನಗೂ ಅದೇ ಕಾಯಿಲೆ, ನಾಲ್ಕು ವರ್ಷದಿಂದ, ಲಾರಿ ಟ್ಯೂಬಿನ ಮೇಲೆ ಕೂರುತ್ತೇನೆ. ಡಾಕ್ಟರ ವಿಳಾಸ ಕಳಿಸಿ."

ಮಂಚ ಅಲುಗಾಡತೊಡಗಿತು. ಇವರು ದಿಂಬಿಗೆ ಮುಖವೊತ್ತಿ ನಗುತ್ತಿದ್ದಾರೆಂದುಕೊಂಡೆ.

"ನಗಬೇಡ್ರೀ, ಹೊಲಿಗೆ ಬಿಚ್ಚಿಹೋಗತ್ತೆ" ಎಂದು ಗದರಿಸಿ ಬೆನ್ನ ಮೇಲೆ ಕೈಯಿಟ್ಟೆ. ಅವರು ಮುಖ ತಿರುಗಿಸಿದರು. ನಗುತ್ತಿರಲಿಲ್ಲ.

"ನಾನೊಬ್ಬನೇ ಅಂದ್ಕೊಂಡಿದ್ದೆ ಕಣೇ" ಎಂದರು.

ಜಯಸಿಂಹ ಎದ್ದು ಕಿಟಕಿಯ ಕಡೆ ಹೋಗಿ ನಿಂತರು. ನಾನು ಬ್ಯಾಗಿನಿಂದ ಪೆನ್ನು ಹುಡುಕಿ ತೆಗೆದು, ಡಾಕ್ಟರ ವಿಳಾಸವನ್ನು ಕಾಗದದ ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಜಯಸಿಂಹರ ಕೈಗೆ ಕೊಟ್ಟು, ಇವತ್ತೇ ಕಳಿಸಿ ಎಂದೆ.